ಮನೆಯಲ್ಲಿ ಇದ್ದದ್ದನ್ನೇ ಮತ್ತೆ ಕೊಂಡ ಮನೆ: ದಿನಸಿ ಖರ್ಚಿನ ಒಂದು ಪ್ರಕರಣ

ಹಿನ್ನೆಲೆ

ಐದು ಜನರ ಕುಟುಂಬ. ದುಡಿಯುವ ಗಂಡ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಗಂಡನ ತಾಯಿ. ಗುರುತು ಸಿಗದಂತೆ ಹೆಸರು, ಊರು, ಉದ್ಯೋಗ ಬಿಟ್ಟಿದ್ದೇವೆ. ಹಣವನ್ನೂ ಹಣವಾಗಿ ಬರೆದಿಲ್ಲ. ಮೊದಲ ಮೂರು ತಿಂಗಳ ಸರಾಸರಿ ದಿನಸಿ ಖರ್ಚನ್ನು 100 ಪಾಲು ಎಂದು ಹಿಡಿದು, ಮುಂದಿನ ಲೆಕ್ಕವನ್ನೆಲ್ಲ ಅದಕ್ಕೇ ಹೋಲಿಸಿ ಕೊಟ್ಟಿದ್ದೇವೆ. ತಿಂಗಳು ಅಂದರೆ ಇಲ್ಲಿ ಎಲ್ಲೆಡೆ 28 ದಿನ. 30, 31 ಎಂದು ಏರುಪೇರಾದರೆ ಎರಡು ತಿಂಗಳನ್ನು ಪಕ್ಕಪಕ್ಕ ಇಟ್ಟು ನೋಡಲಾಗುವುದಿಲ್ಲ, ವಾರದ ಸಂತೆಯ ಎಣಿಕೆಯೂ ತಪ್ಪುತ್ತದೆ.

ಇವರು ದುಂದುವೆಚ್ಚದವರಲ್ಲ. ಆಫರ್ ನೋಡಿಯೇ ಕೊಳ್ಳುವವರು, ಬಿಲ್ ಎತ್ತಿಡುವವರು. ಆದರೂ ಸಂಬಳ ಬಂದ ಮೂರನೇ ವಾರಕ್ಕೆ ಕೈ ಬಿಗಿಯಾಗುತ್ತಿತ್ತು. "ಎಲ್ಲಾ ರೇಟೂ ಏರಿದೆ" ಎಂಬುದೇ ಮನೆಯ ವಿವರಣೆ. ಅದು ಸುಳ್ಳಲ್ಲ. ಆದರೆ ಆ ವಿವರಣೆಯನ್ನು ಒಪ್ಪಿಕೊಂಡ ಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ಕೆಲಸ ಹಂಚಿಕೆಯನ್ನು ಮೊದಲೇ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಅಡುಗೆ ಹಿರಿಯರದು. ಬೇಕಾದ ಸಾಮಾನಿನ ಪಟ್ಟಿ ಹೆಂಡತಿಯ ಫೋನಿನಲ್ಲಿ. ಕೆಲಸದಿಂದ ಬರುವ ದಾರಿಯಲ್ಲಿ ಕೊಂಡು ತರುವುದು ಗಂಡ. ಮೂವರೂ ಶ್ರದ್ಧೆಯಿಂದಲೇ ಮಾಡುತ್ತಿದ್ದರು, ಮೂವರೂ ಬೇರೆ ಬೇರೆ ಹೊತ್ತಿನಲ್ಲಿ.

ಮೊದಲ ಪ್ರಯತ್ನ: ಸಗಟು ಖರೀದಿ

ನಾಲ್ಕು ಮತ್ತು ಐದನೇ ತಿಂಗಳು, ಎಲ್ಲರೂ ಹೇಳುವ ದಾರಿಯನ್ನೇ ಹಿಡಿದರು. ದೊಡ್ಡ ಪ್ಯಾಕೆಟ್ ಅಗ್ಗ, ಆದ್ದರಿಂದ ದೊಡ್ಡದನ್ನೇ ಕೊಳ್ಳೋಣ. 10 ಕಿಲೋ ಹಿಟ್ಟು, 5 ಲೀಟರ್ ಎಣ್ಣೆ, ಒಂದು ಕೊಂಡರೆ ಒಂದು ಉಚಿತದ ಬಿಸ್ಕತ್ತು.

ನಾಲ್ಕನೇ ತಿಂಗಳು 112 ಪಾಲು ಖರ್ಚಾಯಿತು, ಐದನೆಯದು 102. ಇಲ್ಲಿ ಹಲವರು ಲೆಕ್ಕ ತಪ್ಪುತ್ತಾರೆ. ಸಗಟು ಕೊಂಡ ಮೊದಲ ತಿಂಗಳು ಖರ್ಚು ಏರುವುದು ಸಹಜ, ಏಕೆಂದರೆ ಅದರಲ್ಲಿ ಒಂದಷ್ಟು ಮುಂದಿನ ತಿಂಗಳ ಸಾಮಾನು. ಹಾಗಾಗಿ ಎರಡು ತಿಂಗಳು ಒಟ್ಟಿಗೆ ನೋಡಬೇಕು, ಕೊನೆಗೆ ಕಪಾಟಿನಲ್ಲಿ ಉಳಿದದ್ದರ ಬೆಲೆ ಕಳೆಯಬೇಕು. ಎರಡು ತಿಂಗಳಿಗೆ 214. ಉಳಿದ ದಾಸ್ತಾನು 5 ಪಾಲಿನಷ್ಟು. ಕಳೆದರೆ 209. ಮೊದಲಿನಂತೆಯೇ ಇದ್ದಿದ್ದರೆ 200 ಆಗುತ್ತಿತ್ತು. ಉಳಿತಾಯದ ಮಾತಿರಲಿ, 9 ಪಾಲು ಹೆಚ್ಚೇ ಹೋಗಿತ್ತು.

ಕಾರಣಗಳು ಕಣ್ಣಿಗೆ ಕಾಣುವಂತಿದ್ದವು. ಹಿಟ್ಟಿನ ಚೀಲದಲ್ಲಿ ಆರನೇ ವಾರಕ್ಕೆ ಹುಳ ಬಿತ್ತು, ಸುಮಾರು 3 ಕಿಲೋ ಎಸೆದರು. ಎಣ್ಣೆಯ ಕ್ಯಾನನ್ನು ಒಲೆಯ ಪಕ್ಕದಲ್ಲೇ ಇಟ್ಟು, ದಿನಕ್ಕೆ ಎರಡು ಸಲ ಮುಚ್ಚಳ ತೆರೆದು ಬಗ್ಗಿಸುತ್ತಿದ್ದರು. ಬಿಸಿ, ಬೆಳಕು, ಗಾಳಿ ಮೂರೂ ತಾಗಿದ ಎಣ್ಣೆ ಬೇಗ ಕಮಟುತ್ತದೆ, ತಳದ ಮುಕ್ಕಾಲು ಲೀಟರ್ ಕಮಟಿತು. ಮೂರು ವಾರಕ್ಕೆಂದು ತಂದ ಬಿಸ್ಕತ್ತು ಒಂಬತ್ತೇ ದಿನಕ್ಕೆ ಖಾಲಿ. ಕೈಗೆಟಕುವಷ್ಟು ರಾಶಿ ಇದ್ದರೆ ಕೈ ಹೆಚ್ಚು ಸಲ ಹೋಗುತ್ತದೆ. ತಿಂಡಿ, ಪಾನೀಯಗಳಲ್ಲಿ ಇದು ಹೆಚ್ಚು, ಉಪ್ಪು ಸೋಪಿನಲ್ಲಿ ಇಲ್ಲವೇ ಇಲ್ಲ.

ಎರಡನೇ ಪ್ರಯತ್ನ: ಲಕೋಟೆ

ಆರನೇ ತಿಂಗಳು 85 ಪಾಲಿನಷ್ಟು ನಗದನ್ನು ಲಕೋಟೆಯಲ್ಲಿಟ್ಟು, ಅದು ಮುಗಿದರೆ ಖರೀದಿಯೇ ಇಲ್ಲ ಎಂದು ಗೆರೆ ಎಳೆದರು. ಹತ್ತೊಂಬತ್ತನೇ ದಿನಕ್ಕೆ ಲಕೋಟೆ ಬರಿದು. ಉಳಿದ ಒಂಬತ್ತು ದಿನ ಮನೆಯವರು ಊಟ ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ. ಕಾರ್ಡಿನಲ್ಲಿ ಚಿಕ್ಕ ಚಿಕ್ಕ ಪ್ಯಾಕೆಟ್ ತಂದರು. ಅದೇ ಸಾಮಾನು, ಕಿಲೋ ಲೆಕ್ಕದಲ್ಲಿ ದುಬಾರಿ. ತಿಂಗಳ ಮೊತ್ತ 98. ಮನಸ್ತಾಪ ಬೇರೆ. ಖರ್ಚಿಗೆ ಮಿತಿ ಹಾಕುವುದು ತಪ್ಪಲ್ಲ. ಆದರೆ ಎಷ್ಟು ಬೇಕೆಂದು ಗೊತ್ತಿಲ್ಲದೆ ಹಾಕಿದ ಮಿತಿ ಬರೀ ಆಸೆ, ಲೆಕ್ಕವಲ್ಲ. ಈ ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿದ್ದು ಒಳ್ಳೆಯ ನಿರ್ಧಾರ.

ಬಿಲ್ಲಿನ ಹಿಂಬದಿ

ಏಳನೇ ತಿಂಗಳು ಯಾವ ಕಟ್ಟುಪಾಡೂ ಇಲ್ಲದೆ ಹಳೆಯಂತೆಯೇ ಕೊಳ್ಳಲು ಹೇಳಲಾಯಿತು. ಬದಲಾವಣೆ ಒಂದೇ. ಪ್ರತಿ ಬಿಲ್ಲಿನ ಹಿಂದೆ, ಮನೆಗೆ ಬಂದ ಕೂಡಲೇ, ಒಂದು ಮಾತು ಬರೆಯಬೇಕು: ಯಾವುದಕ್ಕೆಂದು ಹೋಗಿದ್ದು? ಫೋನಿನಲ್ಲಿ ತರಿಸಿದ್ದಕ್ಕೂ ಇದೇ ನಿಯಮ.

ಖರ್ಚು ಮತ್ತೆ 100ಕ್ಕೇ ಬಂದು ನಿಂತಿತು. ತಿಂಗಳ ದೊಡ್ಡ ಖರೀದಿಗೆ 46, ನಡುವಿನ ಚಿಲ್ಲರೆ ಖರೀದಿಗೆ 54. ಮನೆಯವರ ಊಹೆ ಇದಕ್ಕೆ ಪೂರ್ತಿ ಉಲ್ಟಾ ಇತ್ತು. ದೊಡ್ಡ ಬಿಲ್ಲನ್ನೇ ಎಲ್ಲರೂ ದಿಟ್ಟಿಸಿ ನೋಡುತ್ತಾರೆ, ಅಲ್ಲಿ ಬೆಲೆ ಹೋಲಿಸುತ್ತಾರೆ, ಅಲ್ಲಿ ಚೌಕಾಸಿ ಮಾಡುತ್ತಾರೆ. ಚಿಕ್ಕ ಬಿಲ್ಲು ಜೇಬಿಗೆ ಹೋಗುತ್ತದೆ.

ಚಿಲ್ಲರೆ ಖರೀದಿ 31 ಸಲ ಆಗಿತ್ತು. ಹೋದದ್ದು 31 ವಸ್ತುಗಳಿಗೆ, ಮನೆಗೆ ಬಂದದ್ದು 136. ಆ 54 ಪಾಲಿನಲ್ಲಿ ಹೋದ ಉದ್ದೇಶದ ವಸ್ತುವಿಗೆ ಖರ್ಚಾದದ್ದು 19 ಮಾತ್ರ. ಉಳಿದ 35ರಲ್ಲಿ 17 ಪಾಲು ಹೇಗೂ ಬೇಕಾಗುತ್ತಿದ್ದ ಸಾಮಾನು, ಅದನ್ನು ತಪ್ಪೆನ್ನುವಂತಿಲ್ಲ. ಬಾಕಿ 18 ಪಾಲು, ಆ ಹೊತ್ತಿಗೆ ಅಂಗಡಿಗೆ ಕಾಲಿಡದಿದ್ದರೆ ಕೊಳ್ಳುತ್ತಲೇ ಇರಲಿಲ್ಲ. ಗ್ರಾಹಕರು ತಾವೇ ಓಡಾಡಿ ಆರಿಸಿಕೊಳ್ಳುವ ಅಂಗಡಿ 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಶುರುವಾಯಿತು. ಅದಕ್ಕೆ ಮುಂಚೆ ಬೇಕಾದದ್ದನ್ನು ಬಾಯಲ್ಲಿ ಹೇಳಿ ಕಟ್ಟಿಸಿಕೊಳ್ಳುವುದೇ ರೂಢಿ. ಹೇಳಿ ಕಟ್ಟಿಸಿಕೊಳ್ಳುವಾಗ ಪಟ್ಟಿ ಕೈಯಲ್ಲಿರುತ್ತದೆ, ಆರಿಸಿಕೊಳ್ಳುವಾಗ ಕಣ್ಣಿಗೆ ಬಿದ್ದದ್ದೇ ಪಟ್ಟಿಯಾಗುತ್ತದೆ.

ಇಷ್ಟರಲ್ಲೂ ನಿಜವಾದ ತಿರುವು ಇನ್ನೊಂದು ಸಾಲಿನಲ್ಲಿತ್ತು. 31ರಲ್ಲಿ 8 ಸಲ ಹೋದದ್ದು ಮನೆಯಲ್ಲಿ ಆಗಲೇ ಇದ್ದ ವಸ್ತುವಿಗೆ. ಎಣ್ಣೆಯದೇ ಎರಡು ಸಲ. ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತ ಸಂಜೆ ಹಿರಿಯರು ಎದ್ದು ಹೋಗಿ ಕೆಳಗಿನ ಕಪಾಟು ತೆರೆದರು. ಒಡೆಯದ ಎರಡು ಲೀಟರ್ ಎಣ್ಣೆ, ಅದರ ಹಿಂದೆ ಮೂರು ಪ್ಯಾಕೆಟ್ ಸಕ್ಕರೆ, ಒಂದು ಗಟ್ಟಿಯಾಗಿ ಹೆಪ್ಪುಗಟ್ಟಿದ್ದು.

"ಎಣ್ಣೆ ಇದೆಯಾ ಅಂತ ನನ್ನ ಯಾರು ಕೇಳಿದ್ರಪ್ಪ? ನೀನು ತರ್ತೀಯ, ನಾನು ಒಳಗಿಡ್ತೀನಿ, ಅಷ್ಟೆ" ಅಂದರು ಮಗನಿಗೆ.

"ಲಿಸ್ಟಲ್ಲಿತ್ತಲ್ಲಮ್ಮ" ಎಂದ ಮಗ.

ಪಟ್ಟಿಯಲ್ಲಿತ್ತು ನಿಜ. ಅದು ಹೋದ ತಿಂಗಳ ಪಟ್ಟಿಯ ನಕಲು. ಫೋನಿನಲ್ಲಿ ಹಳೆಯದನ್ನೇ ತೆರೆದು ಒಂದೆರಡು ಸೇರಿಸಿ ಕಳಿಸುವುದು ರೂಢಿಯಾಗಿಬಿಟ್ಟಿತ್ತು. ಎಷ್ಟು ಮುಗಿದಿದೆ ಎಂದು ಬಲ್ಲವರು ಪಟ್ಟಿ ಬರೆಯುತ್ತಿರಲಿಲ್ಲ, ಬರೆಯುವವರು ಕಪಾಟು ನೋಡುತ್ತಿರಲಿಲ್ಲ, ಕೊಳ್ಳುವವರಿಗೆ ಅಳತೆಯೇ ಗೊತ್ತಿರಲಿಲ್ಲ. ಈ ಮೂರು ತುಂಡು ಸೇರದೆ ಯಾವ ರಿಯಾಯಿತಿಯೂ ಈ ಮನೆಗೆ ದಕ್ಕುತ್ತಿರಲಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಅಳತೆ ಹುಟ್ಟಿದ್ದು ಹೇಗೆ

ಅದೇ ತಿಂಗಳು ಮಾರ್ಕರ್ ಪೆನ್ನೊಂದನ್ನು ಅಡುಗೆಮನೆಯಲ್ಲಿ ದಾರ ಕಟ್ಟಿ ನೇತುಹಾಕಿದರು. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು. ಮುಗಿದ ದಿನ ಇನ್ನೊಂದು ತಾರೀಖು ಬರೆದು, ಖಾಲಿ ಪ್ಯಾಕೆಟನ್ನು ಒಂದು ಚೀಲಕ್ಕೆ. ಎಂಟು ವಾರಕ್ಕೆ ಆ ಚೀಲದಲ್ಲಿ ಮನೆಯ ಬಳಕೆಯ ಪೂರ್ತಿ ದಾಖಲೆ ಇತ್ತು.

ಲೆಕ್ಕ ಸುಲಭ. 28ನ್ನು ದಿನಗಳಿಂದ ಭಾಗಿಸಿ, ಪ್ಯಾಕೆಟಿನ ಅಳತೆಯಿಂದ ಗುಣಿಸುವುದು. 1 ಲೀಟರ್ ಎಣ್ಣೆ 9 ದಿನ ಬಂದರೆ ತಿಂಗಳಿಗೆ 3.1 ಲೀಟರ್. 1 ಕಿಲೋ ಸಕ್ಕರೆ 12 ದಿನ ಬಂದರೆ ತಿಂಗಳಿಗೆ 2.3 ಕಿಲೋ. ಮೊದಲು ಪಟ್ಟಿಯಲ್ಲಿ "ಎಣ್ಣೆ 5, ಸಕ್ಕರೆ 4" ಎಂದಿರುತ್ತಿತ್ತು. ಒಂದೇ ಪ್ಯಾಕೆಟ್ ನೋಡಿ ತೀರ್ಮಾನಿಸಬಾರದು. ಹಬ್ಬ, ನೆಂಟರು, ಕಾಯಿಲೆ ಒಂದು ಪ್ಯಾಕೆಟನ್ನು ಏರುಪೇರು ಮಾಡುತ್ತವೆ. ಕನಿಷ್ಠ ಮೂರರ ಸರಾಸರಿ ಬೇಕು.

ಇದರ ಮೇಲೆ ಎರಡೇ ನಿಯಮ ಕಟ್ಟಿದರು. ಪಟ್ಟಿ ಬರೆಯುವುದು ಅಡುಗೆ ಮಾಡುವವರು, ಕಪಾಟಿನ ಬಾಗಿಲು ತೆರೆದಿಟ್ಟುಕೊಂಡು, ಹಾಳೆಯ ಮೇಲೆ, ಕಿಲೋ ಲೀಟರ್ ಲೆಕ್ಕದಲ್ಲಿ. ಹೆಂಡತಿ ಅದರ ಫೋಟೋ ತೆಗೆದು ಕಳಿಸಿದರೆ ಸಾಕು. ಎರಡನೆಯದು, ಕೊನೆಯ ಪ್ಯಾಕೆಟ್ ಒಡೆದವರು ಆಗಲೇ ಹಾಳೆಗೆ ಬರೆಯಬೇಕು. ಪೂರ್ತಿ ಮುಗಿದ ಮೇಲೆ ಬರೆದರೆ ಅದು ಚಿಲ್ಲರೆ ಓಡಾಟ, ಕೊನೆಯದನ್ನು ಒಡೆದಾಗ ಬರೆದರೆ ಮುಂದಿನ ಖರೀದಿಯವರೆಗೂ ಕಾಯಬಹುದು.

ಓಡಾಟಕ್ಕೂ ವಾರ ಗೊತ್ತುಮಾಡಿದರು. ಒಣ ಸಾಮಾನು ತಿಂಗಳಿಗೊಮ್ಮೆ. ತರಕಾರಿ, ಹಣ್ಣು ವಾರಕ್ಕೊಮ್ಮೆ. ಸೊಪ್ಪು, ಹಾಲಿಗೆ ವಾರದ ನಡುವೆ ಒಂದು ಸಲ. ಈ ನಡುವಿನ ಓಡಾಟವನ್ನು ಗಂಡನಿಂದ ತೆಗೆದು ಹೆಂಡತಿಗೆ ಕೊಟ್ಟದ್ದು ಚಿಕ್ಕದಾಗಿ ಕಂಡರೂ ಪರಿಣಾಮ ದೊಡ್ಡದು. ಗಂಡ ಹೋಗುತ್ತಿದ್ದದ್ದು ಸಂಜೆ ಏಳಕ್ಕೆ, ಹಸಿದ ಹೊಟ್ಟೆಯಲ್ಲಿ. ಹೆಂಡತಿ ಹೋದದ್ದು ರಜೆಯ ಬೆಳಗ್ಗೆ, ತಿಂಡಿ ಆದ ಮೇಲೆ.

ಬೆಲೆಯ ಪುಸ್ತಕ

ಬೆಲೆ ಹೋಲಿಕೆಯನ್ನು ಕೈಬಿಡಲಿಲ್ಲ, ಕಿರಿದಾಗಿಸಿದರು. ಎಲ್ಲದರ ಬೆಲೆ ಬರೆಯಹೊರಟವರು ಎರಡು ವಾರದಲ್ಲಿ ಸುಸ್ತಾಗಿ ಬಿಡುತ್ತಾರೆ. ಇಲ್ಲಿ ಹೆಚ್ಚು ಹಣ ಹೋಗುವ 20 ವಸ್ತು ಮಾತ್ರ. ಬೆಲೆಯನ್ನು ಗ್ರಾಮಿನಿಂದ ಭಾಗಿಸಿ 1000ದಿಂದ ಗುಣಿಸಿದರೆ ಕಿಲೋ ಬೆಲೆ. ಅದೊಂದನ್ನೇ ಬರೆಯುವುದು.

ಎಣ್ಣೆಯಲ್ಲಿ ಜಾಗ್ರತೆ ಬೇಕು. ಎಣ್ಣೆ ನೀರಿಗಿಂತ ಹಗುರ, 1 ಲೀಟರ್ ತೂಗಿದರೆ ಸುಮಾರು 910ರಿಂದ 920 ಗ್ರಾಂ. ಲೀಟರ್ ಪ್ಯಾಕೆಟ್ಟಿಗೂ ಕಿಲೋ ಡಬ್ಬಿಗೂ ಬೆಲೆ ಒಂದೇ ಇದ್ದರೆ ಕಿಲೋ ಡಬ್ಬಿಯಲ್ಲಿ ಸುಮಾರು 90 ಮಿಲಿ ಹೆಚ್ಚು. ಮನೆಯವರು ಎರಡನ್ನೂ ಒಂದೇ ಎಂದುಕೊಂಡಿದ್ದರು.

ಆಫರಿನ ಮಾತುಗಳನ್ನೂ ಕಿಲೋ ಬೆಲೆಗೆ ಇಳಿಸಿಯೇ ಬರೆದರು. "ಶೇ 30 ಹೆಚ್ಚು" ಅಂದರೆ ಶೇ 30 ರಿಯಾಯಿತಿಯಲ್ಲ, ಶೇ 23. ಶೇ 20ರ ಮೇಲೆ ಮತ್ತೆ ಶೇ 10 ಅಂದರೆ 30 ಅಲ್ಲ, 28. ಎರಡು ಕೊಂಡರೆ ಒಂದು ಉಚಿತ ಶೇ 33ರ ರಿಯಾಯಿತಿ, ಮೂರೂ ಬಳಕೆಯಾದರೆ. ಮೂರನೆಯದು ಕೆಟ್ಟರೆ ಉಳಿದದ್ದು ಸೊನ್ನೆ. 500 ಗ್ರಾಮಿನ ಪ್ಯಾಕೆಟ್ ಸದ್ದಿಲ್ಲದೆ 450 ಆಗಿ ಬೆಲೆ ಹಾಗೇ ಇದ್ದರೆ ಅದು ಶೇ 11ರ ಏರಿಕೆ. ಈ ಕೊನೆಯದನ್ನು ಪುಸ್ತಕವಿಲ್ಲದೆ ಯಾರೂ ಹಿಡಿಯಲಾರರು, ಏಕೆಂದರೆ ನಮಗೆ ನೆನಪಿರುವುದು ಪ್ಯಾಕೆಟಿನ ಬಣ್ಣ ಮತ್ತು ಬೆಲೆ, ತೂಕವಲ್ಲ.

ಅಗ್ಗದ ಮಾಲಿಗೆ ಬದಲಾಯಿಸುವಾಗ ಒಂದು ಸಲಕ್ಕೆ ಒಂದೇ ವಸ್ತು, ಒಂದೇ ಚಿಕ್ಕ ಪ್ಯಾಕೆಟ್. ಏಳನ್ನು ಪರೀಕ್ಷಿಸಿ ನಾಲ್ಕನ್ನು ಉಳಿಸಿಕೊಂಡರು. ಬಿಟ್ಟ ಮೂರರ ಲೆಕ್ಕವೇ ಹೆಚ್ಚು ಕಲಿಸುತ್ತದೆ. ಚಹಾ ಪುಡಿ ಶೇ 20 ಅಗ್ಗ, ಆದರೆ ಅದೇ ಬಣ್ಣಕ್ಕೆ ಎರಡು ಚಮಚದ ಬದಲು ಮೂರು ಬೇಕಾಯಿತು. 0.8ನ್ನು 1.5ರಿಂದ ಗುಣಿಸಿದರೆ 1.2, ಅಂದರೆ ಲೋಟಕ್ಕೆ ಶೇ 20 ದುಬಾರಿ. ಬಟ್ಟೆ ಸೋಪಿನ ಪುಡಿಯದೂ ಇದೇ ಕಥೆ. ಬೇಳೆ ಶೇ 5 ಅಗ್ಗವಿತ್ತು, ಆರಿಸಿ ತೂಗಿದಾಗ ಕಿಲೋಗೆ 930 ಗ್ರಾಂ ಉಳಿಯಿತು. 0.95ನ್ನು 0.93ರಿಂದ ಭಾಗಿಸಿದರೆ ಶೇ 2 ಹೆಚ್ಚೇ ಕೊಟ್ಟಂತೆ, ಆರಿಸುವ ಶ್ರಮ ಬೇರೆ.

ಎಸೆದದ್ದರ ತೂಕ

ಏಳನೇ ತಿಂಗಳಲ್ಲೇ ಎರಡು ವಾರ, ಸಿಪ್ಪೆ ತೊಟ್ಟು ಬಿಟ್ಟು, ತಿನ್ನಬಹುದಾಗಿದ್ದೂ ಕೆಟ್ಟು ಎಸೆದದ್ದನ್ನು ತೂಗಿದ್ದರು. 7.3 ಕಿಲೋ. ತೂಗುವ ಮುನ್ನ "ಒಂದೆರಡು ಕಿಲೋ ಇರಬಹುದು" ಎಂದಿದ್ದರು. ಈ ಮನೆಯೊಂದೇ ಹೀಗಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಅಂಗಡಿ, ಹೋಟೆಲು, ಮನೆಗಳಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್, ಅದರಲ್ಲಿ ಸುಮಾರು ಶೇ 60 ಮನೆಗಳಿಂದ.

ಇಲ್ಲಿ ಮಾಡಿದ್ದು ಅಗ್ಗದ ಕೆಲಸಗಳೇ. ಸೊಪ್ಪನ್ನು ಆರಿಸಿ, ತೇವ ಪೂರ್ತಿ ಆರಿದ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿಗೆ. ಒದ್ದೆ ಸೊಪ್ಪನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಮೂರನೇ ದಿನಕ್ಕೆ ಲೋಳೆ. ಮಾಗಿದ ಬಾಳೆಹಣ್ಣು, ಸೇಬು ಎಥಿಲೀನ್ ಎಂಬ ಅನಿಲ ಬಿಡುತ್ತವೆ, ಪಕ್ಕದ ಸೊಪ್ಪು ಬೇಗ ಹಳದಿಯಾಗುತ್ತದೆ, ಅವನ್ನು ಬೇರೆ ಇಟ್ಟರು. ಈರುಳ್ಳಿ ಆಲೂಗೆಡ್ಡೆ ಒಂದೇ ಬುಟ್ಟಿಯಲ್ಲಿದ್ದವು, ಬೇರ್ಪಡಿಸಿದರು. ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು ನೋಡಿದಾಗ 8 ಡಿಗ್ರಿ ಇತ್ತು. 4ಕ್ಕೆ ಇಳಿಸಿದ ಮೇಲೆ ಹಾಲು ಒಡೆಯುವುದು ನಿಂತಿತು. ಹಿಟ್ಟನ್ನು 2 ಕಿಲೋದಂತೆ ಕೊಂಡು, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟು, ಮೊಟ್ಟೆ ಹುಳ ಸತ್ತ ಮೇಲೆ ಡಬ್ಬಿಗೆ ಹಾಕಿದರು. ಹೊರತೆಗೆದ ತಕ್ಷಣ ಒಡೆಯಬಾರದು. ತಣ್ಣಗಿನ ಹಿಟ್ಟಿನ ಮೇಲೆ ಗಾಳಿಯ ತೇವ ಕೂತು ಬೂಸ್ಟು ಬರುತ್ತದೆ, ಹೊರಗಿನ ಬಿಸಿಗೆ ಬರುವವರೆಗೂ ಕಟ್ಟಿಟ್ಟೇ ಇರಬೇಕು.

ಎಲ್ಲಕ್ಕಿಂತ ಫಲ ಕೊಟ್ಟದ್ದು ಫ್ರಿಜ್ಜಿನಲ್ಲಿ ಕಣ್ಣಿನ ಮಟ್ಟಕ್ಕೆ ಇಟ್ಟ ಒಂದು ತಟ್ಟೆ. ಅರ್ಧ ಕೊಯ್ದ ತರಕಾರಿ, ನಿನ್ನೆ ಉಳಿದದ್ದು, ಬಾಡುತ್ತಿರುವುದು, ಎಲ್ಲ ಅದರಲ್ಲೇ. ಅಡುಗೆ ಶುರುಮಾಡುವ ಮುನ್ನ ಮೊದಲು ಆ ತಟ್ಟೆ ಹೊರಗೆ ಬರಬೇಕು. ಬೇಯಿಸಿದ್ದು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಿದ್ದರೆ ಮಾತ್ರ ತಟ್ಟೆಯಲ್ಲಿ ಜಾಗ, ಅದೂ ಮೂರು ದಿನ. ಹಣ ಉಳಿಸಲು ಹೋಗಿ ಹೊಟ್ಟೆ ಕೆಡಿಸಿಕೊಳ್ಳುವ ಹಾಗಿಲ್ಲ, ಈ ವಿಷಯದಲ್ಲಿ ರಾಜಿ ಬೇಡ.

ಫಲಿತಾಂಶ

ಎಂಟನೇ ತಿಂಗಳು 94, ಒಂಬತ್ತನೆಯದು 86, ಹತ್ತನೆಯದು 81. ಆಮೇಲೆ ನಾಲ್ಕು ತಿಂಗಳು 80 ಮತ್ತು 83ರ ನಡುವೆ. ಚಿಲ್ಲರೆ ಖರೀದಿ 31ರಿಂದ 11ಕ್ಕೆ ಇಳಿಯಿತು. ಹನ್ನೆರಡನೇ ತಿಂಗಳು ಮತ್ತೆ ಎರಡು ವಾರ ತೂಗಿದಾಗ ಎಸೆದದ್ದು 2.6 ಕಿಲೋ.

ಉಳಿದ ಸುಮಾರು 18 ಪಾಲು ಎಲ್ಲಿಂದ ಬಂತು? ಬಿಲ್ಲು ಬಿಡಿಸಿ ನೋಡಿದರೆ, ಓಡಾಟ ಕಡಿಮೆಯಾದ್ದರಿಂದ 10, ಎಸೆಯುವುದು ಕಡಿಮೆಯಾದ್ದರಿಂದ 5, ಬೆಲೆ ಹೋಲಿಸಿದ್ದರಿಂದ 3. ಒಂದು ಇನ್ನೊಂದರಲ್ಲಿ ಬೆರೆತಿರುವುದರಿಂದ ಇದು ಅಂದಾಜು, ಆದರೆ ಕ್ರಮ ಬದಲಾಗುವಷ್ಟು ಅಂದಾಜಲ್ಲ. ವರ್ಷಗಟ್ಟಲೆ ಮನೆಯವರ ಶ್ರಮವೆಲ್ಲ ಆ ಕೊನೆಯ 3ರ ಮೇಲೇ ಸುರಿದಿತ್ತು. ಬೇರೆ ಮನೆಗಳಲ್ಲಿ ಈ ಪ್ರಮಾಣ ಬೇರೆ ಇರುತ್ತದೆ. ಒಬ್ಬರೇ ಬರೆದು, ಕೊಂಡು, ಬೇಯಿಸುವ ಮನೆಯಲ್ಲಿ ಬೆಲೆಯ ಪಾಲೇ ದೊಡ್ಡದಿರಬಹುದು. ಹಾಗಾಗಿ ಈ ಉಪಾಯಗಳನ್ನು ಎತ್ತಿಕೊಳ್ಳುವ ಮುನ್ನ ಒಂದು ತಿಂಗಳು ಬಿಲ್ಲಿನ ಹಿಂದೆ ಬರೆದು ನೋಡುವುದು ಒಳ್ಳೆಯದು, ಅದಕ್ಕೆ ಖರ್ಚಿಲ್ಲ.

ಎಲ್ಲವೂ ಸರಿಹೋಗಲಿಲ್ಲ. ಎಂಟನೇ ತಿಂಗಳು ಮಕ್ಕಳ ತಿಂಡಿಯನ್ನು ಪಟ್ಟಿಯಿಂದಲೇ ತೆಗೆದಿದ್ದರು. ಮಕ್ಕಳು ಕೈಖರ್ಚಿನಲ್ಲಿ ಚಿಕ್ಕ ಪ್ಯಾಕೆಟ್ ಕೊಳ್ಳತೊಡಗಿದರು, ಕಿಲೋ ಲೆಕ್ಕದಲ್ಲಿ ಅದೇ ಅತ್ಯಂತ ದುಬಾರಿ. ಒಂಬತ್ತನೇ ತಿಂಗಳಿಂದ ವಾರಕ್ಕೆ ಇಷ್ಟು ಎಂದು ಅಳೆದು ಎರಡು ಡಬ್ಬಿಗೆ ಹಾಕಿ, ಡಬ್ಬಿಯ ಮೇಲೆ ಅವರವರ ಹೆಸರು ಬರೆದುಕೊಟ್ಟರು. ಬೇಗ ತಿಂದರೆ ಬೇಗ ಮುಗಿಯುತ್ತದೆ, ವಾರದ ನಡುವೆ ತುಂಬುವುದಿಲ್ಲ. ತಿಂಡಿಯ ಖರ್ಚು ಅಲ್ಲಿಗೆ ನಿಂತಿತು.

ಹಣ್ಣು ಮಾತ್ರ ಇನ್ನೂ ಹತೋಟಿಗೆ ಬಂದಿಲ್ಲ. ಆ 2.6 ಕಿಲೋದಲ್ಲಿ ಮುಕ್ಕಾಲು ಪಾಲು ಹಣ್ಣೇ. ಫ್ರಿಜ್ಜಿನ ತಳದ ಡ್ರಾಯರಿನಿಂದ ತೆಗೆದು ಊಟದ ಮೇಜಿಗೆ ತಂದದ್ದರಿಂದ ಒಂದಷ್ಟು ಕಡಿಮೆಯಾಗಿದೆ. ಈಗ ವಾರಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ತರುವ ಬದಲು ಅರ್ಧ ಮಾಗಿದ್ದು, ಅರ್ಧ ಕಾಯಿ ಎಂದು ಆರಿಸಿ ತರುತ್ತಿದ್ದಾರೆ. ತಕ್ಕಡಿಯನ್ನು ಹಣ್ಣಿನ ಬುಟ್ಟಿಯ ಪಕ್ಕದಲ್ಲೇ ಇಟ್ಟುಕೊಂಡು ಮುಂದಿನ ಎರಡು ವಾರ ಮತ್ತೆ ತೂಗಲಿದ್ದಾರೆ.